ಕರ್ಮಣಿ ಕಲಿಸಿದ ಮಾಸ್ತರರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿನೆಂಟು ದಿನ ತಡವಾಗಿ, ಅದೂ ಇಳಕಲ್ಲಿನಿಂದ ಬಾಗಲಕೋಟೆಗೆ ಸೀರೆ ಮಾರಲು ಬಂದಿದ್ದ ವ್ಯಾಪಾರಿಯ ಬಾಯಿಂದ. ನಮ್ಮ ಪಡಸಾಲೆಯಲ್ಲಿ ಕೂತು ಗಂಟು ಬಿಚ್ಚುತ್ತ ಆತ ಹೇಳಿದ: "ಹಿಂದಕ ನಿಮ್ಮ ಸಾಲ್ಯಾಗ ಇದ್ರಂತಲ್ರಿ, ಆ ಹುಚ್ಚ ಮಾಸ್ತರ, ಅವರು ಹೋದ್ರು." ನನ್ನ ಹೆಂಡತಿ ಸೆರಗಿನ ಬಣ್ಣ ನೋಡುತ್ತಿದ್ದಳು. ಆಗ ನನಗೆ ದುಃಖವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಆದದ್ದು ಸಮಾಧಾನ. ಇನ್ನು ಯಾವ ಸಂತೆಯಲ್ಲೂ ಯಾವ ದಾರಿಯಲ್ಲೂ ಅವರು ನನಗೆ ಎದುರಾಗುವುದಿಲ್ಲ ಎನ್ನುವ ಸಮಾಧಾನ.

ಅವರು ಹುಚ್ಚರಾಗಿರಲಿಲ್ಲ. ಅವರ ಹೆಸರನ್ನಾಗಲಿ, ನಾವಿಬ್ಬರೂ ಕಲಿಸುತ್ತಿದ್ದ ಆ ಪೇಟೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅವರ ಮಗಳು, ಮೊಮ್ಮಕ್ಕಳು ಇನ್ನೂ ಇದ್ದಾರೆ. ನಾನೂ ಇದ್ದೇನೆ.

ಕಲಾದಗಿಯಲ್ಲಿ ದಂಡು ಇದ್ದ ಕಾಲದಲ್ಲಿ ಅವರ ತಂದೆ ಒಬ್ಬ ಬಿಳಿ ಸಾಹೇಬನ ಮನೆಯಲ್ಲಿ ಬಬರ್ಚಿಯಾಗಿದ್ದರಂತೆ. ಬೆಳಗಿನಿಂದ ಒಲೆ ಮುಂದೆ ಬೆಂದು, ಮೇಜಿಗೆ ಬಡಿಸಿ, ಬಾಗಿಲ ಹತ್ತಿರ ಕೈಕಟ್ಟಿ ನಿಂತು, "ಡಿನ್ನರ್ ಈಸ್ ಸರ್ವ್ಡ್, ಸರ್" ಅನ್ನಬೇಕು. "ನಾ ಕಲ್ತ ಮೊದಲನೇ ಇಂಗ್ಲಿಷ್ ವಾಕ್ಯ ಅದು," ಎಂದು ಮಾಸ್ತರರು ಹೇಳುತ್ತಿದ್ದರು. "ಊಟ ಬಡಿಸಲ್ಪಟ್ಟಿದೆ. ಅಡಿಗಿ ಮಾಡಿದಾಂವ ನಮ್ಮಪ್ಪ, ಬಡಿಸಿದಾಂವ ನಮ್ಮಪ್ಪ. ವಾಕ್ಯದಾಗ ನೋಡಿದ್ರ ಅವನ ಸುಳಿವ ಇಲ್ಲ." ಜಿಲ್ಲೆಯ ಕಚೇರಿಗಳು ವಿಜಾಪುರಕ್ಕೆ ಹೋದ ಮೇಲೆ ಕಲಾದಗಿಯ ಬಂಗಲೆಗಳು ಖಾಲಿ ಬಿದ್ದವು. ಸಾಹೇಬರು ಬಿಟ್ಟುಹೋದ ಹರಕು ಪುಸ್ತಕಗಳನ್ನು ಓದಿ ಓದಿ ಈ ಬಬರ್ಚಿಯ ಮಗ ಇಂಗ್ಲಿಷ್ ಮಾಸ್ತರನಾದ. ಪರೀಕ್ಷೆ ಕಟ್ಟಿರಲಿಲ್ಲ, ಸರ್ಟಿಫಿಕೇಟು ಇರಲಿಲ್ಲ. ಹಾಗಾಗಿ ಹದಿನಾಲ್ಕು ವರ್ಷ ಕಲಿಸಿದರೂ ಅವರ ನೌಕರಿ ಹಂಗಾಮಿಯಾಗಿಯೇ ಉಳಿದಿತ್ತು.

ಪ್ರೀತಿ ಹುಟ್ಟುವಂಥ ಮನುಷ್ಯ ಅಲ್ಲ. ಎತ್ತರದ ಆಳು, ಕುತ್ತಿಗೆಯವರೆಗೂ ಗುಂಡಿ ಹಾಕಿದ ಬಿಳಿ ಕೋಟು, ಕೆಂಪು ತುರ್ಕಿ ಟೋಪಿ, ಮೂಗಿನಲ್ಲಿ ಸದಾ ನಸ್ಯ. ಕಿವಿ ಹಿಂಡುವಾಗ ಉಗುರು ಚುಚ್ಚುವಂತೆ ಹಿಂಡುತ್ತಿದ್ದರು. ನನ್ನನ್ನು "ತಮ್ಮಾ" ಎಂದು ಕರೆಯುತ್ತಿದ್ದರು, ಆದರೆ ಆ ಕರೆಯುವಿಕೆಯಲ್ಲಿ ತಮ್ಮನ ಮೇಲಿನ ಅಕ್ಕರೆಗಿಂತ ಸಣ್ಣವನೆಂಬ ತಾತ್ಸಾರವೇ ಹೆಚ್ಚಿತ್ತು. ನಾನು ಕೆಳಗಿನ ಇಯತ್ತೆಗಳಿಗೆ ಕಲಿಸುತ್ತಿದ್ದೆ. ಒಮ್ಮೆ ನನ್ನ ಇಂಗ್ಲಿಷ್ ಕೇಳಿ ಹೇಳಿದರು: "ನಿಂದು ಜ್ವಾಳದ ರೊಟ್ಟಿ ಇಂಗ್ಲಿಷ್ ತಮ್ಮಾ. ಹೊಟ್ಟಿ ತುಂಬತೈತಿ. ಸಾಹೇಬನ ಮೇಜಿನ ಮ್ಯಾಲ ಇಡಾಕ ಬರಂಗಿಲ್ಲ." ನನ್ನ ಕೈಬರಹವನ್ನು ಮಾತ್ರ ಮೆಚ್ಚುತ್ತಿದ್ದರು. ಅದು ಮುತ್ತಿನಂತಿತ್ತು.

ಇಷ್ಟಿದ್ದೂ, ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವ ಪಾಠ ಮಾಡುವ ದಿನ ನಾನು ನನ್ನ ವರ್ಗಕ್ಕೆ ಲೆಕ್ಕ ಕೊಟ್ಟು ಬಂದು ಅವರ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮೂವರು ಹುಡುಗರನ್ನು ಎಬ್ಬಿಸಿ ಸಾಲಾಗಿ ನಿಲ್ಲಿಸುವರು. ಒಬ್ಬ ಬೆಕ್ಕು, ಒಬ್ಬ ಕೊಂದಿತು, ಒಬ್ಬ ಇಲಿ. "ದಿ ಕ್ಯಾಟ್ ಕಿಲ್ಡ್ ದಿ ರ್‍ಯಾಟ್. ಈಗ ಇಲಿ ಮುಂದ ಬರಲಿ. ಬೆಕ್ಕು ಹಿಂದ ಸರೀಲಿ. ಕೊಂದಿತು ಒಬ್ಬಾಂವನ ನಿಂದ್ರಂಗಿಲ್ಲ, ಅವನ ಕೈ ಹಿಡ್ಯಾಕ ವಾಜ್ ಬೇಕು. ಬಾರಲೇ ವಾಜ್." ನಾಲ್ಕನೆಯ ಹುಡುಗ ಓಡಿ ಬಂದು ಕೊಂದಿತು ಎಂಬ ಹುಡುಗನ ಕೈ ಹಿಡಿಯುವನು. ಕೊನೆಗೆ ನಿಂತ ಬೆಕ್ಕಿನ ಕೊರಳಿಗೆ ಬೈ ಎಂದು ಬರೆದ ಪಾಟಿಯನ್ನು ತೂಗುಹಾಕುವರು. "ದಿ ರ್‍ಯಾಟ್ ವಾಜ್ ಕಿಲ್ಡ್ ಬೈ ದಿ ಕ್ಯಾಟ್. ಇಲಿಯು ಬೆಕ್ಕಿನಿಂದ ಕೊಲ್ಲಲ್ಪಟ್ಟಿತು. ಹಿಂಗ ನಿಮ್ಮವ್ವ ಯಾವತ್ತರೆ ಮಾತಾಡಿದ್ದು ಕೇಳೀರೇನು?" ಹುಡುಗರು ಇಲ್ಲ ಎಂದು ಒದರುವರು. "ಕೇಳಂಗಿಲ್ಲ. ಇದು ಮನಿ ಮಾತಲ್ಲ, ಕಚೇರಿ ಮಾತು."

ಹೋಗು, ಬಾ, ಮಲಗು, ಸಾಯು, ಇಂಥ ಅಕರ್ಮಕ ಕ್ರಿಯೆಗಳಿಗೆ ಕರ್ಮಣಿ ಇಲ್ಲ ಎಂಬುದನ್ನೂ ಅವರು ತಮ್ಮದೇ ರೀತಿಯಲ್ಲಿ ಹೇಳುತ್ತಿದ್ದರು: "ಕೊಲ್ಲೂದಕ್ಕ ಕರ್ಮಣಿ ಐತಿ, ಸಾಯೂದಕ್ಕ ಇಲ್ಲ. ಸಾಯೂದು ಯಾರಿಗಿದ್ರೂ ಸ್ವಂತ ಕೆಲಸ."

ಆ ವರ್ಗದಲ್ಲಿ ಒಬ್ಬ ನೇಕಾರರ ಹುಡುಗನಿದ್ದ. ತಂದೆಯಿಲ್ಲ, ತಾಯಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಓದಿಸುತ್ತಿದ್ದಳು. ಹದಿನೈದು ವರ್ಷದ ಅವನೊಬ್ಬನೇ ಮಾಸ್ತರರಿಗೆ ಎದುರು ಪ್ರಶ್ನೆ ಹಾಕುತ್ತಿದ್ದ. ಒಮ್ಮೆ ಕರ್ಮಣಿ ಪಾಠದ ನಡುವೆ ಎದ್ದು ಕೇಳಿದ:

"ಮಾಸ್ತರ್ರ, ಬೈ ಹಚ್ಚಲಿಲ್ಲಂದ್ರ ವಾಕ್ಯ ನಡೀತೈತೇನ್ರಿ?"

"ನಡೀತೈತಿ. ಮಾಡಿದಾಂವ ಯಾರಂತ ಗೊತ್ತಿಲ್ಲದಿದ್ರ ಬಿಡಬಹುದು."

"ಗೊತ್ತಿದ್ದೂ ಬಿಟ್ರ?"

ಮಾಸ್ತರರು ನಸ್ಯ ಏರಿಸಿ ನಕ್ಕರು. "ಗೊತ್ತಿದ್ದೂ ಬಿಟ್ರ ಅದಕ್ಕ ಸರಕಾರಿ ಇಂಗ್ಲಿಷ್ ಅಂತಾರ." ವರ್ಗವೆಲ್ಲ ನಕ್ಕಿತು. ಬಾಗಿಲಲ್ಲಿ ನಿಂತ ನಾನೂ ನಕ್ಕೆ.

ಮರುವರ್ಷ ಪ್ಲೇಗು ಬಂತು. ಇಲಿ ಸತ್ತು ಬೀಳತೊಡಗಿದ ಕೂಡಲೆ ಊರು ಊರೇ ಹೊಲಕ್ಕೆ ಹೋಗಿ ಜೋಪಡಿ ಹಾಕಿಕೊಂಡಿತು. ಸಾಲೆ ಮುಚ್ಚಿತು. ಪ್ಲೇಗಿನ ಬಂದೋಬಸ್ತಿಗೆಂದು ಒಬ್ಬ ಅಧಿಕಾರಿ ಬಂದರು. ಎಲ್ಲರೂ ಅವರನ್ನು ರಾವಸಾಹೇಬರು ಅನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಬೇನೆಯಿದ್ದ ಊರುಗಳಿಂದ ಬಂದವರನ್ನು ಅವರು ಊರ ಹೊರಗೆ ಹತ್ತಿ ಕೂಡಿಡುವ ಹಳೆಯ ವಖಾರಿಯಲ್ಲಿ ಹತ್ತು ದಿನ ಇಡಿಸುತ್ತಿದ್ದರು. ಕಲ್ಲಿನ ಗೋಡೆ, ಜೋಳದ ಒಣ ಕಣಿಕೆ ಹೊದಿಸಿದ ಮಾಡು, ಒಂದೇ ಬಾಗಿಲು. ಜನ ತಪ್ಪಿಸಿಕೊಂಡು ಹೋಗುತ್ತಾರೆಂದು ಬಾಗಿಲಿಗೆ ಕೀಲಿ ಹಾಕಿಸಿದರು. ಸಿಪಾಯಿಗಳು ಎರಡು ಬಿಲ್ಲಿಯ ಲಂಚಕ್ಕೆ ಬಿಟ್ಟುಬಿಡುತ್ತಾರೆಂದು ಕೀಲಿಕೈಯನ್ನು ತಮ್ಮ ಕೋಟಿನ ಕಿಸೆಯಲ್ಲಿಯೇ ಇಟ್ಟುಕೊಂಡರು.

ನೇಕಾರರ ಹುಡುಗನ ತಾಯಿ ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಮರೋಳ ಎಂಬ ಹಳ್ಳಿಗೆ ಹೋಗಿದ್ದಳು. ಅಲ್ಲಿಯೂ ಇಲಿ ಬಿದ್ದ ಸುದ್ದಿಯಿತ್ತು. ತಿರುಗಿ ಬರುವಾಗ ಆಕೆಯನ್ನು ಹಿಡಿದು ವಖಾರಿಗೆ ಹಾಕಿದರು. ಮಗ ದಿನಾಲೂ ಹೋಗಿ ಕಿಂಡಿಯಿಂದ ಮಾತಾಡಿಸಿ ಬರುತ್ತಿದ್ದ.

ಆಕೆ ಒಳಗಿದ್ದ ಆರನೆಯ ದಿನ, ನಡು ಮಧ್ಯಾಹ್ನ, ವಖಾರಿಯಿಂದ ಹೊಗೆ ಎದ್ದಿತು. ನಮ್ಮ ಜೋಪಡಿಗಳು ಹತ್ತಿರವೇ ಇದ್ದವು. ಮಾಸ್ತರರು ನನಗಿಂತ ಮುಂದೆ ಓಡಿದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಟೋಪಿ ಎಲ್ಲೋ ಬಿತ್ತು. ಕಲ್ಲು ತಗೊಂಡು ಕೀಲಿ ಜಜ್ಜಿದರು, ಜಗ್ಗಲಿಲ್ಲ. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಕೇಳುತ್ತಿತ್ತು. ಕಾದ ಕಬ್ಬಿಣದ ಚಿಲಕವನ್ನು ಬರಿಗೈಯಿಂದ ಹಿಡಿದು ಜಗ್ಗಿದರು. ಬಂಗಲೆಯಲ್ಲಿ ಊಟಕ್ಕೆ ಕೂತಿದ್ದ ರಾವಸಾಹೇಬರು ಬಂದು ಕೋಟಿನ ಒಳಗಿಸೆಯಿಂದ ಕೀಲಿಕೈ ತೆಗೆಯುವ ಹೊತ್ತಿಗೆ ಬಡಿಯುವ ಸದ್ದು ನಿಂತಿತ್ತು. ಒಳಗಿದ್ದ ಹನ್ನೊಂದು ಮಂದಿಯಲ್ಲಿ ಐದು ಮಂದಿ ಸತ್ತಿದ್ದರು. ಹುಡುಗನ ತಾಯಿ ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಬಿದ್ದಿದ್ದಳು. ಬೆಂಕಿ ಹೇಗೆ ಹತ್ತಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕೀಲಿಕೈ ಯಾರ ಕಿಸೆಯಲ್ಲಿತ್ತೆಂದು ನಾನು ಕಣ್ಣಾರೆ ಕಂಡಿದ್ದೆ.

ಮೂರನೆಯ ದಿನ ರಾವಸಾಹೇಬರು ನಮ್ಮಿಬ್ಬರನ್ನೂ ಬಂಗಲೆಗೆ ಕರೆಸಿದರು. ಮೇಲಿನ ಕಚೇರಿಗೆ ಇಂಗ್ಲಿಷಿನಲ್ಲಿ ವರದಿ ಹೋಗಬೇಕು. ಅವರ ಇಂಗ್ಲಿಷ್ ಕಾರಕೂನ ಪ್ಲೇಗಿಗೆ ಅಂಜಿ ಊರು ಬಿಟ್ಟಿದ್ದ. ಮಾಸ್ತರರ ಬಲಗೈಗೆ ಬಟ್ಟೆ ಸುತ್ತಿತ್ತು, ಬರೆಯುವಂತಿರಲಿಲ್ಲ.

"ಮಾಸ್ತರ, ನೀವು ಹೇಳ್ರಿ, ಇವರು ಬರೀತಾರ," ಎಂದರು ರಾವಸಾಹೇಬರು. ಭಾಳ ಮೆತ್ತಗಿನ ದನಿ. "ನಿಮ್ಮ ಕಾಯಂ ಮಾಡೂ ಕಾಗದ ಎಷ್ಟ ವರ್ಷದಿಂದ ಹಂಗ ಬಿದ್ದೈತಂತಲ್ಲ? ನಾ ಒಂದ ಮಾತ ಬರದ್ರ ಆಗಿಹೋಗತೈತಿ. ಇವರದೂ ಆಗತೈತಿ."

ಮಾಸ್ತರರು ನೆಲ ನೋಡುತ್ತ ಒಂದೊಂದೇ ವಾಕ್ಯ ಹೇಳಿದರು, ನಾನು ಬರೆದೆ. ಅಗತ್ಯವೆಂದು ಭಾವಿಸಲ್ಪಟ್ಟದ್ದರಿಂದ ಬಾಗಿಲು ಮುಚ್ಚಲ್ಪಟ್ಟಿತ್ತು. ಕೀಲಿಕೈ ಸಕಾಲಕ್ಕೆ ದೊರಕಿಸಲ್ಪಡಲಿಲ್ಲ. ಸಕಲ ಪ್ರಯತ್ನವೂ ಮಾಡಲ್ಪಟ್ಟಿತು. ಐದು ಜೀವಗಳು ಕಳೆಯಲ್ಪಟ್ಟವು. ಇಂಗ್ಲಿಷಿನಲ್ಲಿ ಅದು ಎಷ್ಟು ನುಣುಪಾಗಿತ್ತೆಂದರೆ ನನ್ನ ಲೇಖನಿ ಎಲ್ಲಿಯೂ ತಡವರಿಸಲಿಲ್ಲ.

"ಬೆಂಕಿ ಹೆಂಗ ಹತ್ತಿತು ಅನ್ನೂದು ಬರಲಿಲ್ಲ," ಎಂದರು ರಾವಸಾಹೇಬರು.

"ಅದು ಗೊತ್ತಿಲ್ರಿ."

"ಬಾಗಲಾ ಹಂತ್ಯಾಕ ಬಿದ್ದಿದ್ದಳಲ್ಲ, ಆಕಿ ಹಂತ್ಯಾಕ ಒಲಿ ಇತ್ತಂತ. ಬರೀರಿ."

ಮಾಸ್ತರರು ಹೇಳುವುದಿಲ್ಲ ಎನ್ನುತ್ತಾರೆ ಅಂದುಕೊಂಡೆ. ಅವರು ಹೇಳಿದರು, ದನಿ ಮಾತ್ರ ಇಳಿದಿತ್ತು: "ದಿ ಫೈರ್ ವಾಜ್ ಕಾಜ್ಡ್ ಬೈ ದಿ ವುಮನ್ ನಿಯರೆಸ್ಟ್ ದಿ ಡೋರ್." ಬೆಂಕಿಯು ಬಾಗಿಲಿಗೆ ಎಲ್ಲರಿಗಿಂತ ಹತ್ತಿರವಿದ್ದ ಹೆಂಗಸಿನಿಂದ ಉಂಟುಮಾಡಲ್ಪಟ್ಟಿತು. ನಾನು ಅದನ್ನೂ ಮುತ್ತಿನಂತೆ ಬರೆದೆ. ರಾವಸಾಹೇಬರು ಓದಿ, "ಭೇಷ್! ಎಷ್ಟ ಸ್ವಚ್ಛ ಇಂಗ್ಲಿಷ್," ಎಂದರು. ಮೇಲಿನಿಂದ ಒಂದು ಪ್ರಶ್ನೆಯೂ ಬರಲಿಲ್ಲ. ಐದು ತಿಂಗಳಲ್ಲಿ ನಾವಿಬ್ಬರೂ ಕಾಯಂ ಆದೆವು.

ಆಮೇಲೆ ಮಾಸ್ತರರು ಹುಡುಗರನ್ನು ಬೆಕ್ಕು, ಇಲಿ ಮಾಡಿ ನಿಲ್ಲಿಸುವುದನ್ನು ಬಿಟ್ಟರು. ಕರ್ಮಣಿಯ ಪಾಠ ಬಂದರೆ ಪುಸ್ತಕ ತೆರೆದು ನಿಯಮ ಓದಿ ಮುಚ್ಚುವರು. ನೇಕಾರರ ಹುಡುಗನಿಗೆ ಸಾಲೆ ಬಿಟ್ಟ ಮೇಲೆ ಒಂದು ತಾಸು ಬೇರೆ ಕಲಿಸುತ್ತಿದ್ದರು. ತಾಯಿಯಿಲ್ಲದ ಹುಡುಗನ ಮೇಲೆ ಎಷ್ಟು ಕಕ್ಕುಲಾತಿ ಎಂದು ಊರು ಮೆಚ್ಚಿತು. ನನಗೆ ಮಾತ್ರ ಅದನ್ನು ನೋಡುವುದು ಕಷ್ಟವಾಗುತ್ತಿತ್ತು. ಕಿವಿ ಹಿಂಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಅವನು ತಪ್ಪು ಬರೆದರೆ ತಾವೇ ತಲೆ ತಗ್ಗಿಸುತ್ತಿದ್ದರು.

ಅವನು ಎಷ್ಟು ಚೆನ್ನಾಗಿ ಕಲಿತನೆಂದರೆ ನಾಲ್ಕು ವರ್ಷದ ಮೇಲೆ ಕಚೇರಿಯ ದಫ್ತರಖಾನೆಯಲ್ಲಿ ಇಂಗ್ಲಿಷ್ ಕಾರಕೂನನ ಕೆಲಸ ಸಿಕ್ಕಿತು. ಹಳೆಯ ಕಾಗದಗಳನ್ನು ಕಟ್ಟಿ ಇಡುವ ಕೆಲಸ. ಒಂದು ದಿನ ಅವನ ಕೈಗೆ, ನಾನೇ ಬರೆದಿಟ್ಟಿದ್ದ ಆ ವರದಿಯ ನಕಲು ಸಿಕ್ಕಿತು. ಬರಹ ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಂಗ್ಲಿಷ್ ಯಾರದೆಂದೂ.

ಮರುದಿನ ಮುಂಜಾನೆ ಸಾಲೆ ತುಂಬಿತ್ತು. ಅವನು ಚಪ್ಪಲಿ ಹೊರಗೆ ಬಿಟ್ಟು ಮಾಸ್ತರರ ವರ್ಗದ ಬಾಗಿಲಲ್ಲಿ ನಿಂತ. ನಾನು ಎದುರಿನ ಕೋಣೆಯಿಂದ ನೋಡಿ, ಕೈಯಲ್ಲಿದ್ದ ಕಾಗದ ಗುರುತಿಸಿ, ಎದ್ದು ಬಂದೆ.

"ಮಾಸ್ತರ್ರ, ಒಂದು ವಾಕ್ಯ ತಿಳೀವಲ್ದು," ಎಂದ. "ಎಲ್ಲಾ ಕಡೆ ಬೈ ಬಿಟ್ಟೀರಿ. ನಮ್ಮವ್ವಗ ಒಬ್ಬಾಕಿಗೇ ಯಾಕ ಹಚ್ಚೀರಿ?"

ಮಾಸ್ತರರು ಖುರ್ಚಿಯಿಂದ ಎದ್ದರು. ಮೂವತ್ತು ಹುಡುಗರು ಅವರ ಮುಖ ನೋಡುತ್ತಿದ್ದರು.

"ಕರ್ತರಿಗೆ ತಿರುಗಿಸ್ರಿ," ಎಂದ ಅವನು. "ನೀವ ಕಲಿಸಿದ್ದು. ಎಲ್ಲಾ ವಾಕ್ಯ ತಿರುಗಿಸ್ರಿ, ನಾ ನೋಡ್ತೇನಿ."

ಅವರು ಖಡು ತಗೊಂಡು ಹಲಗೆಯ ಕಡೆ ತಿರುಗಿದರು. ಸುಟ್ಟ ಕೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಅಕ್ಷರ ಸೊಟ್ಟಗೆ ಬಂದವು. ರಾವಸಾಹೇಬರ ಹೆಸರು ಬರೆದು, ಇವರು ಬಾಗಿಲಿಗೆ ಕೀಲಿ ಹಾಕಿಸಿದರು ಎಂದು ಬರೆದರು. ಇವರು ಕೀಲಿಕೈಯನ್ನು ಕಿಸೆಯಲ್ಲಿ ಇಟ್ಟುಕೊಂಡರು ಎಂದು ಬರೆದರು. ಕೊನೆಗೆ "ಐ" ಎಂದು ಬರೆದು ನಿಂತರು. ಆಮೇಲೆ ಮುಂದುವರಿಸಿದರು: ನಾನು ಇದನ್ನು ಮುಚ್ಚಿಟ್ಟೆ. ನಾನು ಸತ್ತವಳ ಮೇಲೆ ಸುಳ್ಳು ಹೊರಿಸಿದೆ. ಖಡು ಇಟ್ಟು ಹೇಳಿದರು: "ತಪ್ಪಿದ್ರ ತಿದ್ದಪಾ."

"ವ್ಯಾಕರಣ ತಪ್ಪಿಲ್ರಿ," ಎಂದ ಅವನು. "ಹಲಗಿ ಮ್ಯಾಲಿಂದು ಒರಿಸಿದ್ರ ಹೋಗತೈತಿ. ಕಾಗದದ ಮ್ಯಾಲ ಬರದಕೊಡ್ರಿ."

ಅವತ್ತೇ ಬರೆದುಕೊಟ್ಟರು, ಕೆಳಗೆ ಸಹಿ ಹಾಕಿದರು. ಆಮೇಲೆ ಕಾಗದವನ್ನು ನನ್ನ ಕಡೆ ಸರಿಸಿ, "ಕೀಲಿಕೈ ಎಲ್ಲಿಂದ ತಗದ್ರು ಅನ್ನೂದು ನೀನೂ ನೋಡಿದಿ ತಮ್ಮಾ. ಸಾಕ್ಷಿ ಹಾಕು," ಎಂದರು.

"ಮಾಸ್ತರ್ರ, ನನಗ ಸಣ್ಣ ಸಣ್ಣ ಮಕ್ಕಳ ಅದಾವ," ಎಂದೆ. ಅವರು ಎರಡನೆಯ ಸಲ ಕೇಳಲಿಲ್ಲ.

ಕಾಗದ ಮೇಲೆ ಹೋಯಿತು. ತನಿಖೆಗೆಂದು ಒಬ್ಬರು ಬಂದರು. ಸಾಲೆಯ ಮೇಜಿನ ಮೇಲೆ ಹಳೆಯ ವರದಿ ಇಟ್ಟು ನನ್ನನ್ನು ಕೇಳಿದರು: ಈ ಬರಹ ನಿಮ್ಮದೋ? ಹೌದೆಂದೆ. ಇದರೊಳಗಿನ ಸಂಗತಿ? "ಅವರು ಹೇಳಿದ್ರು, ನಾ ಬರದೆ. ಒಳಗಿಂದು ನನಗೇನೂ ಗೊತ್ತಿಲ್ರಿ." ಮಾಸ್ತರರು ಪಕ್ಕದಲ್ಲಿಯೇ ನಿಂತಿದ್ದರು. ಅವರು ನನ್ನ ಕಡೆ ತಿರುಗುತ್ತಾರೆಂದು ಕಾದೆ. ಕಿಟಕಿಯಾಚೆ ಹುಣಸೆ ಗಿಡ ನೋಡುತ್ತ ನಿಂತರು.

ತೀರ್ಪು ಬಂತು. ಸುಳ್ಳು ವರದಿ ಬರೆಸಿದೆನೆಂದು ತಾವೇ ಒಪ್ಪಿಕೊಂಡದ್ದರಿಂದ ಮಾಸ್ತರರ ನೌಕರಿ ಹೋಯಿತು. ಕಚೇರಿಯ ಕಾಗದ ಹೊರಗೆ ಒಯ್ದನೆಂದು ಹುಡುಗನ ನೌಕರಿ ಹೋಯಿತು. ರಾವಸಾಹೇಬರ ಮೇಲಿನ ಮಾತಿಗೆ ಬೇರೆ ಸಾಕ್ಷಿಯಿಲ್ಲವಾದ್ದರಿಂದ ಅದನ್ನು ಕೈಬಿಟ್ಟರು. ರಾವಸಾಹೇಬರು ಪೂರ್ತಿ ಪಿಂಚಣಿಯೊಂದಿಗೆ ನಿವೃತ್ತರಾಗಿ, ಮೊಮ್ಮಕ್ಕಳ ಮದುವೆ ನೋಡಿ ಸತ್ತರು. ಮಾಸ್ತರರ ಖುರ್ಚಿಗೆ ನಾನು ಬಂದೆ. ಮುಂದೆ ಬಾಗಲಕೋಟೆಗೆ ವರ್ಗವಾಗಿ ಇಲ್ಲಿಯೇ ಮನೆ ಮಾಡಿದೆ.

ಮಾಸ್ತರರು ಇಳಕಲ್ಲಿನಲ್ಲಿ ಮಗಳ ಮನೆ ಸೇರಿದರು. ಆ ಹುಡುಗನೂ ಅದೇ ಊರಿಗೆ ಹೋಗಿ ಮಗ್ಗ ಹಿಡಿದನೆಂದು ಕೇಳಿದ್ದೆ; ಮಾಸ್ತರರಂತೂ ಯಾರು ಕೇಳಿದರೂ ಇಂಗ್ಲಿಷ್ ಕಲಿಸಲಿಲ್ಲ, ಅರ್ಜಿ ಬರೆದುಕೊಡಲಿಲ್ಲ. ಬರೆಯಲು ಬರುವವನು ಬರೆಯುವುದಿಲ್ಲ ಎಂದರೆ ಜನರಿಗೆ ಅರ್ಥವಾಗುವುದಿಲ್ಲ; ಹುಚ್ಚ ಎಂದರು. ಒಮ್ಮೆ ಬಾಗಲಕೋಟೆಯ ಸ್ಟೇಶನ್ನಿನಲ್ಲಿ ಅವರನ್ನು ಕಂಡೆ. ಕೋಟು ಅದೇ, ಒಗೆದು ಒಗೆದು ತೆಳ್ಳಗಾಗಿತ್ತು. ನಾನು ಮುಖ ತಿರುಗಿಸಿ ಹಿಂದಿನ ಡಬ್ಬಿ ಹತ್ತಿದೆ. ಅವರು ನೋಡಿದರೋ ಇಲ್ಲವೋ ತಿಳಿಯದು.

ಸುದ್ದಿ ಬಂದ ಮರುವಾರ ಇಳಕಲ್ಲಿಗೆ ಹೋದೆ. ಗೋರಿಯ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಆ ಹುಡುಗನ ಮನೆ ಕೇಳಿಕೊಂಡು ಹೋದೆ. ಹುಡುಗ ಎನ್ನುವ ವಯಸ್ಸೇ ಅಲ್ಲ ಈಗ, ಮೀಸೆ ನರೆತಿದೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. "ಬರ್ರಿ ಮಾಸ್ತರ್ರ," ಎಂದು ಎದ್ದು ನೀರು ಕೊಟ್ಟ.

ಮಾಸ್ತರರು ದಿನಾ ಮುಂಜಾನೆ ಬಂದು ಮಗ್ಗದ ಪಕ್ಕ ಕೂಡುತ್ತಿದ್ದರಂತೆ.

"ಏನ ಮಾತಾಡ್ತಿದ್ರಿ?" ಎಂದು ಕೇಳಿದೆ.

"ಏನಿಲ್ರಿ. ಎಳಿ ಹರದ್ರ ತೋರಸ್ತಿದ್ರು. ಕಣ್ಣು ಭಾಳ ಚುರುಕ ಇದ್ವು. ನಮ್ಮವ್ವ ತೀರಿದ ದಿನಕ್ಕ ವರ್ಷಾ ಬಂದು ಹೊರಗ ಕಟ್ಟಿ ಮ್ಯಾಲ ಕುಂಡ್ರತಿದ್ರು. ಊಟಕ್ಕ ಕರದ್ರ ಒಳಗ ಬರ್ತಿರಲಿಲ್ಲ."

"ನೀ ಅವರನ್ನ ಕ್ಷಮಾ ಮಾಡಿದಿಯೇನಪಾ?"

"ಅವರು ಕೇಳಲಿಲ್ಲ, ನಾ ಹೇಳಲಿಲ್ಲ," ಎಂದ. "ಕಡೀಕ ಎಂಟ ದಿನಾ ಜ್ವರ ಬಂದಿತ್ತು. ಅವರ ಹಂತ್ಯಾಕ ನಾನ ಇದ್ದೆ. ಜನಾಜಾಕ್ಕ ಹೆಗಲಾ ಕೊಟ್ಟೆ."

ಕೊನೆಗೆ, ಕೇಳಬೇಕೆಂದು ಬಂದದ್ದನ್ನು ಕೇಳಿದೆ. "ನನ್ನ ಬಗ್ಗೆ ಏನಂತಿದ್ರು? ಭಾಳ ಬೈತಿದ್ರೇನು?" ಇಷ್ಟು ವರ್ಷ ಅವರ ಬೈಗುಳಕ್ಕೆ ಮನಸ್ಸಿನಲ್ಲಿಯೇ ಉತ್ತರ ಕೊಡುತ್ತ ಬಂದಿದ್ದೆ. ಮಕ್ಕಳು ಸಣ್ಣವರಿದ್ದರು, ಸಂಬಳ ಒಂದೇ ಆಧಾರ, ನಾನು ಸಹಿ ಹಾಕಿದ್ದರೂ ಮೇಲಿನವರು ಬಿಡುತ್ತಿರಲಿಲ್ಲ. ಎಲ್ಲ ಉತ್ತರಗಳೂ ಸಿದ್ಧವಿದ್ದವು.

ಅವನು ಸ್ವಲ್ಪ ಯೋಚಿಸಿದ. ಮುಚ್ಚಿಡುತ್ತಿರಲಿಲ್ಲ, ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದ.

"ಇಲ್ರಿ ಮಾಸ್ತರ್ರ," ಎಂದ. "ನಿಮ್ಮ ಸುದ್ದಿ ಯಾವತ್ತೂ ತಗೀಲಿಲ್ಲ."

ಆಮೇಲೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಕೈಗೆ ತಗೊಂಡ. ನಾನು ಇನ್ನೂ ಕೂತಿದ್ದೆ. ಮಗ್ಗ ಸುರುವಾದ ಮೇಲೆ ಮಾತು ಕೇಳುವಂತಿರಲಿಲ್ಲ.